ಪೆರುವಿನ ಕರಾಸ್‌ನಲ್ಲಿ ಉಳಿದು ಟ್ರೆಕ್ ಮಾಡಿದವರು ಇದ್ದೀರಾ? ಅನುಭವ ಹೇಳಿ

ಪ್ರಶ್ನೆ

ಬರುವ ಜುಲೈನಲ್ಲಿ ನಾನು, ನನ್ನ ಹೆಂಡತಿ ಪೆರುಗೆ ಹೊರಟಿದ್ದೇವೆ. ಮಾಚು ಪಿಚು ಈ ಸಲ ಬೇಡ ಅಂದುಕೊಂಡಿದ್ದೇವೆ. ಇರುವ ಸಮಯವೆಲ್ಲ ಕೊರ್ಡಿಯೆರಾ ಬ್ಲಾಂಕಾ ಹಿಮಪರ್ವತಗಳಿಗೇ. ಎಲ್ಲರೂ ಹುವಾರಾಸ್‌ನಲ್ಲಿ ಉಳಿಯಿರಿ ಅನ್ನುತ್ತಾರೆ. ಅದು ದೊಡ್ಡ ಊರು, ಗದ್ದಲ ಜಾಸ್ತಿ ಅಂತ ಕೇಳಿದೆವು. ಅಲ್ಲಿಂದ ಉತ್ತರಕ್ಕೆ ಕರಾಸ್ ಅಂತ ಒಂದು ಸಣ್ಣ ಊರು ಇದೆಯಲ್ಲ, ಅಲ್ಲಿ ಉಳಿದರೆ ಹೇಗೆ? ಸಾಂತಾ ಕ್ರೂಸ್ ಟ್ರೆಕ್ ಮಾಡಲೇಬೇಕು ಅನ್ನುವ ಆಸೆ. ಕುಮಾರ ಪರ್ವತ ಹತ್ತಿದ್ದೇವೆ, ಹಿಮಾಲಯದಲ್ಲಿ ಕೇದಾರಕಂಠ ಆಗಿದೆ. ಇಬ್ಬರೂ ಸಸ್ಯಾಹಾರಿಗಳು. ಸ್ಪ್ಯಾನಿಷ್ ಬರುವುದಿಲ್ಲ.

ಮೈಸೂರಿನಿಂದ

ಧಾರಾಳವಾಗಿ ಕರಾಸ್‌ನಲ್ಲಿ ಉಳಿಯಿರಿ. ಊರು ನೆಮ್ಮದಿಯಾಗಿದೆ ಅನ್ನುವುದು ಒಂದು ಕಾರಣ. ಅದಕ್ಕಿಂತ ಮುಖ್ಯವಾದದ್ದು ಎತ್ತರ. ಲಿಮಾ ಇರುವುದು ಸಮುದ್ರದ ದಂಡೆಯಲ್ಲಿ. ಹುವಾರಾಸ್ 3,050 ಮೀಟರ್. ರಾತ್ರಿ ಬಸ್ ಹತ್ತಿ ಬೆಳಗ್ಗೆ ಅಲ್ಲಿ ಇಳಿದವರಲ್ಲಿ ಬಹಳ ಜನ ಮೊದಲ ದಿನ ತಲೆ ಹಿಡಿದುಕೊಂಡೇ ಕೂರುತ್ತಾರೆ. ಕರಾಸ್ ಸುಮಾರು 2,250 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಮುನ್ನೂರು ಮೀಟರ್ ಮೇಲೆ, ಅಷ್ಟೇ. ಹಸಿವಾಗುತ್ತದೆ, ನಿದ್ದೆ ಬರುತ್ತದೆ. ಮೊದಲ ಎರಡು ರಾತ್ರಿಗೆ ಇದಕ್ಕಿಂತ ಬೇರೆ ಏನು ಬೇಕು?

ಲಿಮಾದಿಂದ ಹುವಾರಾಸ್ ಸುಮಾರು 400 ಕಿಲೋಮೀಟರ್, ಎಂಟು ಗಂಟೆ. ಕೆಲವು ಬಸ್‌ಗಳು ಹುವಾರಾಸ್ ದಾಟಿ ನೇರ ಕರಾಸ್‌ವರೆಗೆ ಬರುತ್ತವೆ. ಟಿಕೆಟ್ ತೆಗೆಯುವಾಗಲೇ ಕೇಳಿ. ಸಾಧ್ಯವಾದರೆ ಹಗಲು ಬಸ್ ಹಿಡಿಯಿರಿ. ದಾರಿಯಲ್ಲಿ ಕೊನೊಕೋಚಾ ಅನ್ನುವ ಜಾಗದಲ್ಲಿ ರಸ್ತೆ 4,000 ಮೀಟರ್ ದಾಟುತ್ತದೆ. ಹುಲ್ಲುಗಾವಲು, ಒಂದು ಕೆರೆ, ಅದರ ಹಿಂದೆ ಹಿಮದ ಸಾಲು. ಅಲ್ಲಿಂದ ಸಾಂತಾ ನದಿಯ ಜೊತೆಯಲ್ಲೇ ಕಣಿವೆಗೆ ಇಳಿಯುತ್ತೀರಿ. ಬಲಕ್ಕೆ ಬಿಳಿ ಬೆಟ್ಟ, ಎಡಕ್ಕೆ ಹಿಮವಿಲ್ಲದ ಕೊರ್ಡಿಯೆರಾ ನೆಗ್ರಾ. ಬಸ್‌ನಲ್ಲಿ ಬಲಗಡೆ ಸೀಟು ಕೇಳಿ.

ಹುವಾರಾಸ್‌ನಿಂದ ಕರಾಸ್‌ಗೆ ಕೊಂಬಿ ಅನ್ನುವ ವ್ಯಾನ್‌ಗಳು ದಿನವಿಡೀ ಓಡುತ್ತವೆ. 67 ಕಿಲೋಮೀಟರ್, ಒಂದೂವರೆ ಗಂಟೆ ಚಿಲ್ಲರೆ. ತುಂಬಿದರೆ ಹೊರಡುತ್ತದೆ, ಸ್ಪ್ಯಾನಿಷ್ ಬೇಕಾಗುವುದೇ ಇಲ್ಲ, ಊರಿನ ಹೆಸರು ಹೇಳಿದರೆ ಸಾಕು.

ಊರಿನ ಮಧ್ಯೆ ಒಂದು ಚೌಕ. ಸಂಜೆ ಅಲ್ಲಿ ಕೂತು ತಲೆ ಎತ್ತಿದರೆ 6,395 ಮೀಟರಿನ ಹುವಾಂಡೊಯ್ ಮೇಲೆ ಕೊನೆಯ ಬಿಸಿಲು. ಕರಾಸ್ ಸಿಹಿಗೆ ಹೆಸರಾದ ಊರು. ಹಾಲು, ಸಕ್ಕರೆ ಹಾಕಿ ಗಂಟೆಗಟ್ಟಲೆ ಕಾಯಿಸಿದ ಮಂಜಾರ್ ಬ್ಲಾಂಕೊ ಡಬ್ಬಿಗಳಲ್ಲಿ ಸಿಗುತ್ತದೆ. ಟ್ರೆಕ್‌ಗೆ ಒಂದು ಡಬ್ಬಿ ಖಂಡಿತ ಒಯ್ಯಿರಿ.

ಹುಬ್ಬಳ್ಳಿಯಿಂದ

ಮೇಲಿನ ಮಾತು ಅರ್ಧ ಒಪ್ಪುತ್ತೇನೆ. ಕರಾಸ್ ಚಂದದ ಊರು ಹೌದು. ಆದರೆ 2,250ರಲ್ಲೇ ಮಲಗುತ್ತಿದ್ದರೆ ದೇಹ ಹೊಂದಿಕೊಳ್ಳುವುದೂ ಆ ಎತ್ತರಕ್ಕೇ ತಾನೆ? ಸಾಂತಾ ಕ್ರೂಸ್‌ನ ಮೊದಲ ಕ್ಯಾಂಪ್ ಯಾಮಾಕೊರ್ರಾಲ್ 3,760 ಮೀಟರ್. ಒಂದೇ ದಿನಕ್ಕೆ 1,500 ಮೀಟರ್ ಮೇಲೆ ಹೋಗಿ ಮಲಗಿದ ಹಾಗಾಯಿತು. 3,000 ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು ಅಂತ ವೈದ್ಯರು ಹೇಳುತ್ತಾರೆ. ಹಗಲು ಎಷ್ಟು ಹತ್ತಿದಿರಿ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಅನ್ನುವುದು ಮುಖ್ಯ.

ಹಾಗಾಗಿ ನನ್ನ ಸಲಹೆ ಹೀಗೆ. ಮೊದಲು ಕರಾಸ್‌ನಲ್ಲಿ ಎರಡು ರಾತ್ರಿ. ಆಮೇಲೆ ಹುವಾರಾಸ್‌ಗೆ ಬಂದು ಎರಡು ಮೂರು ರಾತ್ರಿ. ಅಲ್ಲಿರುವಾಗ ಮೊದಲು ನೆಗ್ರಾ ಬದಿಯ ವಿಲ್ಕಕೋಚಾ ಕೆರೆಗೆ ಹತ್ತಿ, 3,700 ಮೀಟರ್ ಆಸುಪಾಸು. ಮೈ ಹಗುರ ಅನ್ನಿಸಿದರೆ ಮರುದಿನ ಚುರುಪ್ ಕೆರೆ, 4,450. ತಲೆನೋವು ಬಂತೋ, ಅವತ್ತು ಹತ್ತಬೇಡಿ. ಎತ್ತರದ ಕಾಯಿಲೆ ಬಾರದಂತೆ ತೆಗೆದುಕೊಳ್ಳುವ ಡಯಮಾಕ್ಸ್ ಮಾತ್ರೆ ಬೇಕೋ ಬೇಡವೋ ಅಂತ ಇಲ್ಲಿಂದ ಹೊರಡುವ ಮುಂಚೆಯೇ ನಿಮ್ಮ ಡಾಕ್ಟರ ಹತ್ತಿರ ಮಾತಾಡಿ. ಕೇದಾರಕಂಠದ ತುದಿ 3,800, ಅಲ್ಲಿ ನೀವು ಸ್ವಲ್ಪ ಹೊತ್ತು ಇದ್ದಿರಿ. ಇಲ್ಲಿ ಆ ಎತ್ತರದಲ್ಲಿ ರಾತ್ರಿ ಕಳೆಯಬೇಕು. ವ್ಯತ್ಯಾಸ ದೊಡ್ಡದು.

ಹುವಾರಾಸ್ ನೋಡಲು ಅಷ್ಟು ಸುಂದರ ಅಲ್ಲ, ಕಾಂಕ್ರೀಟ್ ಜಾಸ್ತಿ. ಅದಕ್ಕೆ ಆ ಊರನ್ನು ದೂರಬೇಡಿ. 1970ರ ಭೂಕಂಪದಲ್ಲಿ ಬಹುಪಾಲು ನೆಲಸಮವಾಗಿ ಮತ್ತೆ ಕಟ್ಟಿದ ಊರು ಅದು. ಟೆಂಟ್, ಸ್ಲೀಪಿಂಗ್ ಬ್ಯಾಗ್ ಬಾಡಿಗೆಗೆ, ಗ್ಯಾಸ್ ಡಬ್ಬಿ ಖರೀದಿಗೆ ಅದೇ ಒಳ್ಳೆಯ ಜಾಗ. ಗ್ಯಾಸ್ ವಿಮಾನದಲ್ಲಿ ಒಯ್ಯುವ ಹಾಗಿಲ್ಲ ಅಲ್ವಾ.

ಕ್ಯಾಲಿಫೋರ್ನಿಯಾದಿಂದ

ಕಾಗದಪತ್ರದ ಬಗ್ಗೆ ಎರಡು ಮಾತು. ಭಾರತದ ಪಾಸ್‌ಪೋರ್ಟ್‌ಗೆ ಪೆರು ವೀಸಾ ಬೇಕು. ಆದರೆ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಅಥವಾ ಷೆಂಗೆನ್ ವೀಸಾ ಕನಿಷ್ಠ ಆರು ತಿಂಗಳು ಚಾಲ್ತಿಯಲ್ಲಿದ್ದರೆ ಬೇರೆ ವೀಸಾ ಇಲ್ಲದೆ ಬಿಡುತ್ತಾರೆ. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಮಾಡುವ ಮುಂಚೆ ಒಮ್ಮೆ ಖಚಿತ ಮಾಡಿಕೊಳ್ಳಿ. ವಿಮಾನ ಬದಲಿಸುವ ದೇಶದ ಟ್ರಾನ್ಸಿಟ್ ನಿಯಮವನ್ನೂ ನೋಡಿ.

ಹಳದಿ ಜ್ವರದ ಲಸಿಕೆ ಮರೆಯಬೇಡಿ. ಬೆಟ್ಟದ ಮೇಲೆ ಆ ಜ್ವರದ ಕಾಟ ಇಲ್ಲ. ಆದರೆ ಭಾರತದ ಪಟ್ಟಿಯಲ್ಲಿ ಪೆರು ಇದೆ. ಸರ್ಟಿಫಿಕೇಟ್ ಇಲ್ಲದೆ ವಾಪಸ್ ಇಳಿದರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಲಸಿಕೆ ಕನಿಷ್ಠ ಹತ್ತು ದಿನ ಮುಂಚೆ ಆಗಿರಬೇಕು.

ಇನ್ನೊಂದು. ಜುಲೈ 28 ಪೆರುವಿನ ಸ್ವಾತಂತ್ರ್ಯ ದಿನ. ಆ ವಾರ ಇಡೀ ಲಿಮಾ ಊರಿಗೆ ಹೊರಡುತ್ತದೆ. ಬಸ್ ಸಿಗುವುದಿಲ್ಲ, ಸಿಕ್ಕರೂ ದರ ಏರಿರುತ್ತದೆ. ತಿಂಗಳ ಮೊದಲ ಭಾಗದಲ್ಲೇ ಮುಗಿಸಿಕೊಳ್ಳಿ.

ಶಿವಮೊಗ್ಗದಿಂದ

ಸಾಂತಾ ಕ್ರೂಸ್ ಬಗ್ಗೆ ನಾನು ಹೇಳುತ್ತೇನೆ. ಸುಮಾರು 50 ಕಿಲೋಮೀಟರ್, ಸಾಮಾನ್ಯವಾಗಿ ನಾಲ್ಕು ದಿನ. ಒಂದು ತುದಿ ಕಾಶಾಪಂಪ, 2,900 ಮೀಟರ್, ಕರಾಸ್‌ನಿಂದ ಶೇರ್ ಕಾರಿನಲ್ಲಿ ಹೋಗಬಹುದು. ಇನ್ನೊಂದು ತುದಿ ವಾಕೆರಿಯಾ. ಹುವಾರಾಸ್‌ನ ಏಜೆನ್ಸಿಗಳು ಬಹುತೇಕ ವಾಕೆರಿಯಾದಿಂದ ಶುರು ಮಾಡಿಸುತ್ತವೆ, ಆರಂಭದ ಎತ್ತರ ಜಾಸ್ತಿ ಇರುವುದರಿಂದ ಹತ್ತುವುದು ಕಡಿಮೆ. ಸ್ವಂತವಾಗಿ ಹೋಗುವವರಿಗೆ ನಾನು ಕಾಶಾಪಂಪದಿಂದಲೇ ಹೊರಡಿ ಅನ್ನುತ್ತೇನೆ. ಮೊದಲ ದಿನ ಬೆವರು ಇಳಿಯುತ್ತದೆ, ಬಿಸಿಲು ಕಲ್ಲಿಗೆ ಹೊಡೆದು ಮುಖಕ್ಕೆ ಬರುತ್ತದೆ. ಆದರೆ ಆಮೇಲೆ ಕಣಿವೆ ಬಾಗಿಲು ತೆಗೆದ ಹಾಗೆ ಅಗಲವಾಗುತ್ತಾ ಹೋಗುತ್ತದೆ. ಬೆಟ್ಟಗಳು ಎದುರಿಗೇ ಇರುತ್ತವೆ. ವಾಕೆರಿಯಾದಿಂದ ಬಂದರೆ ಅವು ಬೆನ್ನ ಹಿಂದೆ.

ಎರಡನೇ ದಿನ ಜತುಂಕೋಚಾ ಕೆರೆ ಪಕ್ಕ ಹೋಗುತ್ತೀರಿ. ಅದರ ಮುಂದೆ ಕಣಿವೆಯ ತಳ ಮರಳು ತುಂಬಿದ ಬಯಲು. 2012ರಲ್ಲಿ ಮೇಲಿನ ಒಂದು ಹಿಮಕೆರೆ ಒಡೆದು ನೀರು ನುಗ್ಗಿದಾಗ ಆದ ಗುರುತು ಅದು. ಹಳೆಯ ದಾರಿ ಕೊಚ್ಚಿಹೋಗಿತ್ತು. ಅಲ್ಲಿಂದ ಎಡಕ್ಕೆ ಅಲ್ಪಮಾಯೊ ಬೇಸ್ ಕ್ಯಾಂಪ್ ದಾರಿ ಕವಲೊಡೆಯುತ್ತದೆ. ಶಕ್ತಿ ಇದ್ದರೆ ಖಂಡಿತ ಹೋಗಿ. ರಾತ್ರಿ ತೌಲಿಪಂಪ ಕ್ಯಾಂಪ್, 4,250 ಮೀಟರ್. ಜುಲೈನಲ್ಲಿ ಆಕಾಶ ತಿಳಿಯಾಗಿರುತ್ತದೆ, ಆದ್ದರಿಂದಲೇ ಚಳಿ ಕೊರೆಯುತ್ತದೆ. ಬಾಟಲಿಯ ನೀರು ಗಟ್ಟಿಯಾಗುತ್ತದೆ. ಸಂಜೆ ಆರೂವರೆಗೆಲ್ಲ ಕತ್ತಲು, ಹನ್ನೆರಡು ಗಂಟೆ ಟೆಂಟ್ ಒಳಗೆ. ಒಳ್ಳೆಯ ಸ್ಲೀಪಿಂಗ್ ಬ್ಯಾಗ್‌ಗೆ ದುಡ್ಡು ಹಾಕಿ, ಬೇರೆಲ್ಲಾದರೂ ಉಳಿಸಿ. ಮರುದಿನ 4,750 ಮೀಟರಿನ ಪುಂಟಾ ಉನಿಯೋನ್, ಬೆಟ್ಟದ ಸಾಲನ್ನು ದಾಟಿ ಆಚೆ ಕಣಿವೆಗೆ ಇಳಿಯುವ ಜಾಗ. ಬೆಳಗ್ಗೆ ಬೇಗ ಹತ್ತಿ, ಮಧ್ಯಾಹ್ನ ಮೋಡ ಕವಿದರೆ ತೌಲಿರಾಜು ಶಿಖರ ಕಾಣುವುದಿಲ್ಲ.

ಕತ್ತೆ ಬಾಡಿಗೆಗೆ ತೆಗೆದುಕೊಳ್ಳಿ, ಸುಮ್ನೆ ಭಾರ ಹೊರಬೇಡಿ. ಕಾಶಾಪಂಪದಲ್ಲಿ ಅರ್ರಿಯೆರೊ, ಅಂದರೆ ಕತ್ತೆ ನಡೆಸುವವರು ಸಿಗುತ್ತಾರೆ. ನಮ್ಮ ಜೊತೆ ಬಂದಾತ ಹೊರಡುವ ಮುಂಚೆ ಎರಡು ಚೀಲ ಎರಡು ಕೈಯಲ್ಲಿ ಎತ್ತಿ ಹಿಡಿದು ಕಣ್ಣು ಮುಚ್ಚಿ ನಿಂತ. ಒಂದರಿಂದ ಸ್ಟೋವ್ ತೆಗೆದು ಇನ್ನೊಂದಕ್ಕೆ ಹಾಕಿದ. ಮತ್ತೆ ಎತ್ತಿ ನೋಡಿದ. ಎರಡೂ ಸಮ ಆದ ಮೇಲೆ ತನ್ನ ಪೊಂಚೊವನ್ನು ಕತ್ತೆಯ ಕಣ್ಣಿಗೆ ಕಟ್ಟಿ, ಅದು ಅಲುಗಾಡದೆ ನಿಂತಾಗ ಹಗ್ಗ ಬಿಗಿದ. ದಾರಿಯುದ್ದಕ್ಕೂ ಒಂದು ಸಲವೂ ಚೀಲ ಜಾರಲಿಲ್ಲ. ಆತನಿಗೂ ಕತ್ತೆಗೂ ವಾಪಸ್ ನಡೆಯುವ ದಿನಗಳ ಕೂಲಿ ಕೊಡಬೇಕು, ಊಟವೂ ನಿಮ್ಮದೇ. ಇದನ್ನು ಮೊದಲೇ ಮಾತಾಡಿಕೊಳ್ಳಿ. ದಯವಿಟ್ಟು ಚೌಕಾಸಿ ಮಾಡಿ ಇಳಿಸಬೇಡಿ.

ಕಣಿವೆ ತುಂಬ ದನ, ಕತ್ತೆ ಮೇಯುತ್ತವೆ. ತೊರೆ ಎಷ್ಟೇ ತಿಳಿಯಾಗಿ ಕಂಡರೂ ನೀರು ಫಿಲ್ಟರ್ ಮಾಡಿ ಅಥವಾ ಕುದಿಸಿ ಕುಡಿಯಿರಿ.

ಉಡುಪಿಯಿಂದ

ಊಟದ ವಿಷಯ ನಾನು ಬರೆಯದಿದ್ದರೆ ಯಾರೂ ಬರೆಯುವುದಿಲ್ಲ ಅನ್ನಿಸಿತು. ಸಸ್ಯಾಹಾರಿ ಅಂದರೆ ಅಲ್ಲಿ ಕೋಳಿ ಸೂಪ್ ತಂದಿಡುತ್ತಾರೆ. ಬೇಸರ ಬೇಡ, ಅವರ ಲೆಕ್ಕದಲ್ಲಿ ಮಾಂಸ ಅಂದರೆ ದನದ್ದು. "ಸಿನ್ ಕಾರ್ನೆ, ಸಿನ್ ಪೋಯೊ, ಸಿನ್ ಪೆಸ್ಕಾದೊ" ಅಂತ ಮೂರನ್ನೂ ಹೇಳಿ. ಮಾಂಸ, ಕೋಳಿ, ಮೀನು ಮೂರೂ ಬೇಡ ಅಂತ. ಮಾರುಕಟ್ಟೆಯಲ್ಲಿ ನಿಮಗೆ ಸ್ವರ್ಗ. ಚೋಚೊ ಅಂತ ಒಂದು ಕಾಳು, ಕಹಿ ಹೋಗುವ ತನಕ ನೀರಲ್ಲಿ ನೆನೆಸಿ ಬೇಯಿಸಿರುತ್ತಾರೆ. ಅದಕ್ಕೆ ಈರುಳ್ಳಿ, ಟೊಮೇಟೊ, ನಿಂಬೆರಸ, ಮೆಣಸು. ಹುವಾರಾಸ್ ಕಡೆಯ ತಿನಿಸು ಇದು, ದಿನಾ ತಿಂದರೂ ಬೇಜಾರಾಗುವುದಿಲ್ಲ. ದಪ್ಪ ಕಾಳಿನ ಜೋಳ ಬೇಯಿಸಿ ಚೀಸ್ ಜೊತೆ ಕೊಡುತ್ತಾರೆ. ಹುರಿದ ಜೋಳ, ಕಿನೋವಾ, ಬೆಣ್ಣೆಹಣ್ಣು, ಲೆಕ್ಕವಿಲ್ಲದಷ್ಟು ಬಗೆಯ ಆಲೂಗಡ್ಡೆ.

ಟ್ರೆಕ್‌ಗೆ ಅಕ್ಕಿ ಒಯ್ಯಬೇಡಿ. ತೌಲಿಪಂಪದ ಎತ್ತರದಲ್ಲಿ ನೀರು 86 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಅನ್ನ ಬೇಯುವಷ್ಟರಲ್ಲಿ ಗ್ಯಾಸ್ ಖಾಲಿ. ಅವಲಕ್ಕಿ ಒಯ್ಯಿರಿ. ಬಿಸಿನೀರು ಹಾಕಿ ಮುಚ್ಚಿಟ್ಟು, ಪುಳಿಯೋಗರೆ ಪುಡಿ ಕಲಸಿದರೆ ಊಟ ಸಿದ್ಧ. ಗಟ್ಟಿ ಅವಲಕ್ಕಿಯೇ ಇರಲಿ. ಲಿಮಾದಲ್ಲಿ ಇಳಿದಾಗ ತಿಂಡಿ ಪದಾರ್ಥ ಇದೆ ಅಂತ ಫಾರಂನಲ್ಲಿ ಬರೆದು ತೋರಿಸಿ.

ಕೋಕಾ ಎಲೆಯ ಚಹಾ ಎಲ್ಲ ಕಡೆ ಕೊಡುತ್ತಾರೆ, ಅಲ್ಲಿ ಕುಡಿಯಬಹುದು. ಒಂದು ಪ್ಯಾಕೆಟ್ ಕೂಡ ಊರಿಗೆ ತರಬೇಡಿ, ಇಲ್ಲಿ ಕಾನೂನುಬಾಹಿರ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹುಬ್ಬಳ್ಳಿಯವರ ಕ್ರಮವನ್ನೇ ಹಿಡಿಯುತ್ತೇವೆ, ಕರಾಸ್, ಹುವಾರಾಸ್, ಮತ್ತೆ ಕರಾಸ್. ಇನ್ನೊಂದೇ ಪ್ರಶ್ನೆ. ಲಗೂನಾ 69, ಪರೋನ್ ಕೆರೆ, ಎರಡರಲ್ಲಿ ಒಂದಕ್ಕೇ ಸಮಯ ಇದ್ದರೆ?

ಮೈಸೂರಿನಿಂದ

ಪರೋನ್. ಲಗೂನಾ 69 ಸುಂದರವೇ, 4,600 ಮೀಟರ್, ನಡಿಗೆಯೂ ಚೆನ್ನಾಗಿದೆ. ಆದರೆ ಜುಲೈನಲ್ಲಿ ದಂಡುಗಟ್ಟಿ ಬರುತ್ತಾರೆ. ಪರೋನ್ ಕರಾಸ್‌ನಿಂದ 32 ಕಿಲೋಮೀಟರ್, ಟ್ಯಾಕ್ಸಿ ಕೆರೆಯ ಹತ್ತಿರದವರೆಗೂ ಹೋಗುತ್ತದೆ. ಸುಮಾರು 4,200 ಮೀಟರ್. ಕೊರ್ಡಿಯೆರಾ ಬ್ಲಾಂಕಾದಲ್ಲೇ ಅತಿ ದೊಡ್ಡ ಕೆರೆ. ಹಿಮನದಿ ಅರೆದ ಕಲ್ಲಿನ ಪುಡಿ ನೀರಲ್ಲಿ ತೇಲುವುದರಿಂದ ಆ ಹಸಿರು ನೀಲಿ. ಕೆರೆಯ ತುದಿಯಲ್ಲಿ 5,885 ಮೀಟರಿನ ಪಿರಾಮಿಡೆ, ಹೆಸರಿನಂತೆಯೇ ಆಕಾರ. ದಂಡೆಯ ದಾರಿ ಬಹುಮಟ್ಟಿಗೆ ಸಮತಟ್ಟು.

ಈ ಕೆರೆಯ ಕಥೆ ತಿಳಿದು ಹೋಗಿ. ಕೆರೆ ಒಡೆದರೆ ಕೆಳಗಿನ ಕರಾಸ್ ಕೊಚ್ಚಿಹೋಗುತ್ತದೆ ಅನ್ನುವ ಭಯಕ್ಕೆ 1980ರ ದಶಕದಲ್ಲಿ ಸುರಂಗ ಕೊರೆದು ನೀರಿನ ಮಟ್ಟ ಇಳಿಸಿದರು. ಮುಂದೆ ಅದೇ ತೂಬು ವಿದ್ಯುತ್ ಉತ್ಪಾದನೆಗೆ ಬಳಕೆಯಾಯಿತು. ಹೊಲಕ್ಕೆ ನೀರಿನ ತೊಂದರೆ ಆಯಿತು ಅಂತ 2008ರಲ್ಲಿ ಕ್ರೂಸ್ ದೆ ಮಾಯೊ ಸಮುದಾಯದ ರೈತರು ತೂಬನ್ನೇ ತಮ್ಮ ಕೈಗೆ ತೆಗೆದುಕೊಂಡರು. ಅಲ್ಲಿ ಊರಿನವರು ಕೇಳುವ ಸಣ್ಣ ಶುಲ್ಕವನ್ನು ಖುಷಿಯಿಂದ ಕೊಡಿ.

ಒಂದು ದಿನ ಉಳಿದರೆ ನೆಗ್ರಾ ಬದಿಗೂ ಹೋಗಿ. ಕರಾಸ್ ಮೇಲಿನ ವಿಂಚುಸ್ ಅನ್ನುವ ಜಾಗದಲ್ಲಿ ಪುಯಾ ರೈಮೊಂಡಿ ಗಿಡಗಳಿವೆ. ಅನಾನಸ್ ಕುಟುಂಬದಲ್ಲೇ ದೊಡ್ಡದು. ಹಲವು ದಶಕ ಬೆಳೆದು, ಒಂದೇ ಸಲ ಆಳೆತ್ತರಕ್ಕಿಂತ ಎಷ್ಟೋ ಪಾಲು ಎತ್ತರದ ಹೂದಂಡ ಬಿಟ್ಟು ಸಾಯುತ್ತದೆ. ಎದುರಿಗೆ ಬಿಳಿ ಬೆಟ್ಟಗಳ ಸಾಲು ಕಾಣುತ್ತದೆ.

ಮಂಗಳೂರಿನಿಂದ

ಯುಂಗಾಯ್‌ನಲ್ಲಿ ಒಂದು ಗಂಟೆ ಇಳಿಯದೆ ಬರಬೇಡಿ. ಕರಾಸ್, ಹುವಾರಾಸ್ ನಡುವೆ ಇದೆ. 1970ರ ಮೇ 31, ಭಾನುವಾರ ಮಧ್ಯಾಹ್ನ ಭೂಕಂಪಕ್ಕೆ ಹುವಾಸ್ಕರಾನ್‌ನ ಉತ್ತರ ಶಿಖರದಿಂದ ಹಿಮ, ಬಂಡೆ ಕಳಚಿ ಬಂದು ಆ ಊರನ್ನು ಪೂರ್ತಿ ಮುಚ್ಚಿತು. ಸಮಾಧಿ ಗುಡ್ಡದ ಮೇಲೆ ಓಡಿದ ಕೆಲವರು, ಊರಾಚೆ ಸರ್ಕಸ್ ನೋಡಲು ಹೋಗಿದ್ದ ಮಕ್ಕಳು ಉಳಿದರು. ಚೌಕದ ನಾಲ್ಕು ತಾಳೆ ಮರಗಳು ನಿಂತಿದ್ದವು. ಅಗೆಯದೆ ಹಾಗೇ ಬಿಟ್ಟಿದ್ದಾರೆ, ಮೇಲೆ ಗುಲಾಬಿ ತೋಟ, ಶಿಲುಬೆಗಳು. ಅಲ್ಲಿ ಗುಂಪು ಫೋಟೊ, ಜೋರು ಮಾತು ಬೇಡ. ಸತ್ತವರ ಮನೆಯವರು ಈಗಲೂ ಹೂ ಇಡಲು ಬರುತ್ತಾರೆ. ಕೊಂಬಿ ಚಾಲಕನಿಗೆ "ಕಾಂಪೊ ಸಾಂತೊ" ಅಂದರೆ ಗೇಟ್ ಎದುರೇ ಇಳಿಸುತ್ತಾರೆ. ಕರಾಸ್ ಕಡೆಯಿಂದ ಬಂದರೆ ಹೊಸ ಯುಂಗಾಯ್ ದಾಟಿದ ಮೇಲೆ ಸಿಗುತ್ತದೆ.

ಹುಬ್ಬಳ್ಳಿಯಿಂದ

ಬಿಟ್ಟುಹೋಗಿದ್ದು ದುಡ್ಡಿನ ವಿಷಯ. ನಾವು ಹೋದಾಗ ಹುವಾಸ್ಕರಾನ್ ರಾಷ್ಟ್ರೀಯ ಉದ್ಯಾನದ ಟಿಕೆಟ್ ಒಂದು ದಿನಕ್ಕೆ 30 ಸೋಲ್ (ಪೆರುವಿನ ನಾಣ್ಯ), ನಾಲ್ಕು ದಿನದ ಟ್ರೆಕ್‌ಗೆ ಬೇಕಾಗುವ ದೊಡ್ಡ ಟಿಕೆಟ್ 150 ಸೋಲ್ ಇತ್ತು. ನಗದು ಬೇಕು. ಹುವಾರಾಸ್‌ನಲ್ಲೇ ದುಡ್ಡು ತೆಗೆದು ಸಣ್ಣ ನೋಟು ಮಾಡಿಸಿಕೊಳ್ಳಿ. ಕಾಶಾಪಂಪದಲ್ಲಿ 100ರ ನೋಟು ಕೊಟ್ಟರೆ ಚಿಲ್ಲರೆ ಯಾರ ಹತ್ತಿರವೂ ಇರುವುದಿಲ್ಲ. ಇನ್ಷೂರೆನ್ಸ್ ತೆಗೆದುಕೊಳ್ಳುವಾಗ 5,000 ಮೀಟರ್‌ವರೆಗಿನ ಟ್ರೆಕ್ಕಿಂಗ್ ಅದರಲ್ಲಿ ಸೇರಿದೆಯಾ ಅಂತ ಓದಿ ನೋಡಿ. ಬಹಳ ಪಾಲಿಸಿಗಳು ಅದಕ್ಕಿಂತ ಕೆಳಗೇ ನಿಲ್ಲುತ್ತವೆ.