ಸಕ್ಕರೆ ಡಬ್ಬದ ಹಿಂದಿನ ಪುಡಿ

ದೊಡ್ಡಮ್ಮ, ಬೆಳಿಗ್ಗೆ 7:12
(ಫಾರ್ವರ್ಡ್) "ಕುಡಿತಕ್ಕೆ ಶಾಶ್ವತ ಪರಿಹಾರ! ಕುಡಿಯುವವರಿಗೆ ಗೊತ್ತಾಗದಂತೆ ಸಾರಿನಲ್ಲೋ ಕಾಫಿಯಲ್ಲೋ ಬೆರೆಸಿ ಕೊಡಿ. ಬಣ್ಣವಿಲ್ಲ, ವಾಸನೆಯಿಲ್ಲ."
ಬೇಕಾದವರು ತರಿಸಿಕೊಳ್ಳಲಿ. ಹೆಸರು ಹೇಳುವುದಿಲ್ಲ.

ಅಣ್ಣ, 7:20
ಚಿಕ್ಕಪ್ಪ ಈ ಗುಂಪಿನಲ್ಲಿಲ್ಲ ಎಂದು ಅವರ ವಿಷಯವನ್ನು ಹೀಗೆ ಎತ್ತುವುದು ಸರಿಯೇ?

ದೊಡ್ಡಮ್ಮ, 7:22
ನನ್ನ ತಂಗಿಯ ಗತಿ ನೋಡಲಾರದೆ ಹಾಕಿದೆ.

ನಾನು, 7:31
ದೊಡ್ಡಮ್ಮ, ದಯವಿಟ್ಟು ಅಳಿಸಿ. ಇಂಥ ಪುಡಿಯಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಕುಡಿತ ಬಿಡಿಸಲು ಡೈಸಲ್ಫಿರಾಂ ಎಂಬ ಮಾತ್ರೆ ಇದೆ, ವೈದ್ಯರೇ ಕೊಡುತ್ತಾರೆ. ಆದರೆ ತಾನು ಅದನ್ನು ನುಂಗುತ್ತಿದ್ದೇನೆ ಎಂದು ರೋಗಿಗೆ ತಿಳಿದಿರಬೇಕು. ತಿಳಿಯದೆ ಅದರ ಮೇಲೆ ಕುಡಿದರೆ ಮುಖ ಕೆಂಡವಾಗಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ನಾನು ಕೆಲಸ ಮಾಡುವ ವಾರ್ಡಿಗೇ ಒಬ್ಬರನ್ನು ಹಾಗೆ ಹೊತ್ತು ತಂದಿದ್ದರು. ಸಾರಿಗೆ ಮಾತ್ರೆ ಪುಡಿ ಮಾಡಿ ಹಾಕಿದ ಹೆಂಡತಿ ಮಂಚದ ಕಾಲು ಹಿಡಿದು ಕುಳಿತಿದ್ದರು.

ದೊಡ್ಡಪ್ಪ, 7:40
ಔಷಧಿಯೇ ಬೇಡ. ನಾಲ್ಕು ದಿನ ಕೋಣೆಯಲ್ಲಿ ಕೂಡಿಹಾಕಿ. ಮನಸ್ಸು ಗಟ್ಟಿಯಿದ್ದರೆ ತಾನಾಗಿ ಬಿಡುತ್ತಾನೆ.

ನಾನು, 7:44
ಅದು ಇನ್ನೂ ಅಪಾಯ, ದೊಡ್ಡಪ್ಪ. ದಿನವೂ ಕುಡಿಯುವ ದೇಹಕ್ಕೆ ಒಮ್ಮೆಲೇ ಮದ್ಯ ನಿಂತರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ, ಮೂರನೆಯ ದಿನ ಬುದ್ಧಿ ಭ್ರಮಿಸಬಹುದು. ಪ್ರಾಣವೇ ಹೋಗಬಹುದು.

ಚಿಕ್ಕಮ್ಮ, 7:52
ಹೋದ ನವರಾತ್ರಿಯಲ್ಲಿ ವ್ರತವೆಂದು ಅವರೇ ನಿಲ್ಲಿಸಿದ್ದರು. ಮೂರನೆಯ ರಾತ್ರಿ ಗೋಡೆಯ ಮೇಲೆ ಇರುವೆ ಹರಿಯುತ್ತಿವೆ ಎಂದು ಟವೆಲಿನಿಂದ ಒರೆಸುತ್ತಲೇ ಇದ್ದರು. ಒಂದು ಇರುವೆಯೂ ಇರಲಿಲ್ಲ. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದೆವು. ಬೆಳಿಗ್ಗೆ ನಾನೇ ದುಡ್ಡು ಕೊಟ್ಟು ಕ್ವಾರ್ಟರ್ ತರಿಸಿದೆ. ಕೈ ನಡುಕ ನಿಂತಿತು.

ನಾನು, 7:55
ಚಿಕ್ಕಮ್ಮ, ಅದು ಗಾಳಿಯಲ್ಲ, ರೋಗ. ನಿಮ್ಮ ತಪ್ಪೂ ಅಲ್ಲ. 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಗುತ್ತದೆ. ಉಳಿದ 37 ಮನೆಗಳಲ್ಲಿ ತಾಯಿತ, ಪುಡಿ, ಬೀಗ.

ಅಣ್ಣ, 8:01
ಖಾಸಗಿ ಕೇಂದ್ರಕ್ಕೆ ಸೇರಿಸೋಣವೆಂದು ಹೋದ ವರ್ಷ ವಿಚಾರಿಸಿದೆ. ಬಾಯಿಗೆ ಬಂದಷ್ಟು ಹಣ ಕೇಳಿದರು. ಒಪ್ಪದಿದ್ದರೆ ಎತ್ತಿಕೊಂಡು ಹೋಗುತ್ತೇವೆ, ಕಟ್ಟಿಹಾಕುತ್ತೇವೆ ಎಂದೂ ಹೇಳಿದರು.

ನಾನು, 8:04
ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ನಿಷೇಧಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಅಷ್ಟು ದೂರ ಆಗದಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡಿಲ್ಲ.

ದೊಡ್ಡಪ್ಪ, 8:09
ಧರ್ಮಸ್ಥಳದವರ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಿಟ್ಟವರನ್ನು ನಾನೇ ಕಂಡಿದ್ದೇನೆ. ಅಲ್ಲಿ ಯಾವ ಮನೋವೈದ್ಯರ ಚೀಟಿ ಇತ್ತು?

ನಾನು, 8:12
ನಾನು ಶಿಬಿರವನ್ನು ಬೇಡವೆನ್ನುತ್ತಿಲ್ಲ. ಅಲ್ಲಿಗೂ ಅವರು ತಿಳಿದೇ ಹೋಗುತ್ತಾರಲ್ಲವೇ? ನನ್ನ ಜಗಳ ಇರುವುದು ಕದ್ದು ಬೆರೆಸುವುದರ ಮೇಲೆ. ಒಮ್ಮೆ ಗೊತ್ತಾದರೆ ಆ ಮನುಷ್ಯ ಹೆಂಡತಿ ಕೊಟ್ಟ ನೀರನ್ನೂ ನಂಬುವುದಿಲ್ಲ. ಆಮೇಲೆ ಆಸ್ಪತ್ರೆಗೆ ಬಾ ಎಂದರೆ ಬರುತ್ತಾರೆಯೇ?

ಚಿಕ್ಕಮ್ಮ, 8:20
ಪುಡಿ ಮೊನ್ನೆಯೇ ಬಂದಿದೆ. ಸಕ್ಕರೆ ಡಬ್ಬದ ಹಿಂದೆ ಇಟ್ಟಿದ್ದೇನೆ. ನಿನ್ನೆ ರಾತ್ರಿ ಒಂದು ಚಮಚ ಹಾಕಿದೆ.

ನಾನು, 8:20
ಆಮೇಲೆ ಕುಡಿದರೇ? ಈಗ ಹೇಗಿದ್ದಾರೆ?

ಚಿಕ್ಕಮ್ಮ, 8:21
ಇಲ್ಲ. ಎದ್ದು ಪೇಪರ್ ಓದುತ್ತಿದ್ದಾರೆ. ಕೈ ನಡುಗುತ್ತಿದೆ. ಹತ್ತಕ್ಕೆ ಅಂಗಡಿಗೆ ಹೋಗುತ್ತಾರೆ.

ನಾನು, 8:22
ಹೋಗಲು ಬಿಡಬೇಡಿ. ಪುಡಿಯ ಮೇಲೆ ಕುಡಿದರೂ ಅಪಾಯ, ಕುಡಿಯದೆ ಮನೆಯಲ್ಲೇ ಇದ್ದರೂ ಅಪಾಯ. ಇವತ್ತೇ ಆಸ್ಪತ್ರೆಗೆ ಹೋಗಬೇಕು. ಪುಡಿಯ ಡಬ್ಬ ಎಸೆಯಬೇಡಿ, ವೈದ್ಯರಿಗೆ ತೋರಿಸಬೇಕು. ಅಣ್ಣ, ಕಾರು ತೆಗೆದುಕೊಂಡು ಹೊರಡು. ನಾನು ಅಲ್ಲಿಗೇ ಬರುತ್ತೇನೆ.

ಅಣ್ಣ, 8:23
ಹೊರಟೆ.

ದೊಡ್ಡಮ್ಮ ಒಂದು ಸಂದೇಶವನ್ನು ಅಳಿಸಿದ್ದಾರೆ.

ಚಿಕ್ಕಮ್ಮ, 8:31
ಅವರ ಎದುರಿಗೇ ಡಬ್ಬ ಇಟ್ಟು ಹೇಳಿದೆ. ಬಯ್ಯಲಿಲ್ಲ. ಆ ಇರುವೆ ಮತ್ತೆ ಬರುತ್ತವೆಯೇ ಎಂದು ಕೇಳಿದರು. ಅಂಗಿ ಹಾಕಿಕೊಳ್ಳುತ್ತಿದ್ದಾರೆ.