ಅಪ್‌ಡೇಟ್: ವಿಸಿಒ ಫೇಸ್ ನಾಯ್ಸ್‌ಗೆ ಕಾರಣ ಸಿಕ್ಕಿತು

ಕಳೆದ ತಿಂಗಳು ನಾನು ಕೇಳಿದ್ದು ಇಷ್ಟು: ಸಿಲಿಕಾನ್ ಚಿಪ್‌ಗಾಗಿ ವಿನ್ಯಾಸ ಮಾಡುತ್ತಿರುವ 2.4 ಗಿಗಾಹರ್ಟ್ಸ್‌ನ ಎಲ್‌ಸಿ ವಿಸಿಒದಲ್ಲಿ (ಇಂಡಕ್ಟರ್-ಕೆಪಾಸಿಟರ್ ಜೋಡಿಯಿಂದ ಸಿಗ್ನಲ್ ಹುಟ್ಟಿಸುವ, ಕಂಟ್ರೋಲ್ ವೋಲ್ಟೇಜಿನಿಂದ ಆವರ್ತನ ಬದಲಾಗುವ ಆಸಿಲೇಟರ್), ಕ್ಯಾರಿಯರ್‌ನಿಂದ, ಅಂದರೆ ಮುಖ್ಯ ಸಿಗ್ನಲ್‌ನಿಂದ, 1 ಮೆಗಾಹರ್ಟ್ಸ್ ಅಂತರದಲ್ಲಿ ಫೇಸ್ ನಾಯ್ಸ್ (ಸಿಗ್ನಲ್‌ನ ಆವರ್ತನದ ಸುತ್ತ ಹರಡುವ ಗದ್ದಲ) ಮೈನಸ್ 108 ಡಿಬಿಸಿ/ಹರ್ಟ್ಸ್‌ಗಿಂತ (ಕ್ಯಾರಿಯರ್‌ಗೆ ಹೋಲಿಸಿದ ಡೆಸಿಬೆಲ್) ಕೆಳಗೆ ಏಕೆ ಇಳಿಯುತ್ತಿಲ್ಲ? ಇಂಡಕ್ಟರ್‌ನ ಕ್ಯೂ (ನಷ್ಟ ಕಡಿಮೆಯಾದಷ್ಟೂ ಹೆಚ್ಚುವ ಗುಣಾಂಕ) ಸಾಲದೆಂದೇ ನಾನು ನಂಬಿದ್ದೆ. ಕಂಟ್ರೋಲ್ ವೋಲ್ಟೇಜಿನ ದಾರಿಯನ್ನು ನೋಡಿ ಎಂದ ಹಿರಿಯರ ಮಾತೇ ನಿಜವಾಯಿತು. ಅವರಿಗೆ ನಾನು ಋಣಿ.

ಮಡಿಕೇರಿಯಲ್ಲಿ ಮಳೆಗೆ ಕರೆಂಟು ಹೋಗಿ ಸಿಮ್ಯುಲೇಶನ್ ನಿಂತ ಒಂದು ಸಂಜೆ, ಕಾಗದದ ಮೇಲೆಯೇ ಲೆಕ್ಕ ಹಾಕಿದೆ. ವ್ಯಾರಾಕ್ಟರ್‌ಗೆ (ವೋಲ್ಟೇಜಿನಿಂದ ಬೆಲೆ ಬದಲಾಗುವ ಕೆಪಾಸಿಟರ್) ಕಂಟ್ರೋಲ್ ವೋಲ್ಟೇಜ್ ಕೊಡುವ 10 ಕಿಲೋಓಮ್ ರೆಸಿಸ್ಟರ್‌ನ ಉಷ್ಣ ನಾಯ್ಸ್ ಪ್ರತಿ ರೂಟ್ ಹರ್ಟ್ಸ್‌ಗೆ ಸುಮಾರು 13 ನ್ಯಾನೋವೋಲ್ಟ್. ಒಂದೇ ದೊಡ್ಡ ವ್ಯಾರಾಕ್ಟರ್‌ನಿಂದ ಇಡೀ ಆವರ್ತನ ವ್ಯಾಪ್ತಿಯನ್ನು ಹಿಡಿಯಲು ಹೋಗಿ ನಾನು ವೋಲ್ಟಿಗೆ 400 ಮೆಗಾಹರ್ಟ್ಸ್‌ನಷ್ಟು ಸೂಕ್ಷ್ಮತೆ ಇಟ್ಟು, ಕಂಟ್ರೋಲ್ ವೋಲ್ಟೇಜಿನ ಸಣ್ಣ ನಾಯ್ಸ್ ಕೂಡ ಆವರ್ತನವನ್ನು ಅಲುಗಿಸುವಂತೆ ಮಾಡಿದ್ದರಿಂದ, ಆ ರೆಸಿಸ್ಟರ್ ಒಂದೇ ಮೈನಸ್ 109ರಷ್ಟು ನಾಯ್ಸ್ ತರುತ್ತಿತ್ತು. ಇಂಡಕ್ಟರ್‌ನದು ಏನೂ ತಪ್ಪಿರಲಿಲ್ಲ.

ಈಗ ನಾಲ್ಕು ಬಿಟ್‌ನ ಸ್ವಿಚ್ಡ್ ಕೆಪಾಸಿಟರ್ ಬ್ಯಾಂಕ್ (ಸ್ವಿಚ್‌ಗಳಿಂದ ಸೇರಿಸಿ ತೆಗೆಯಬಲ್ಲ ಕೆಪಾಸಿಟರ್‌ಗಳ ಗುಂಪು) ಸೇರಿಸಿ, ವ್ಯಾಪ್ತಿಯನ್ನು ಒಂದರ ಮೇಲೊಂದು ತುಸು ಹಾಯುವ 16 ತುಂಡುಗಳಾಗಿ ಒಡೆದು, ವ್ಯಾರಾಕ್ಟರ್ ಅನ್ನು ಚಿಕ್ಕದಾಗಿಸಿದ್ದೇನೆ. ಸೂಕ್ಷ್ಮತೆ ವೋಲ್ಟಿಗೆ 50 ಮೆಗಾಹರ್ಟ್ಸ್‌ಗೆ ಇಳಿದಿದೆ. ಎಂಟು ಪಟ್ಟು ಇಳಿಕೆ ಎಂದರೆ ರೆಸಿಸ್ಟರ್‌ನ ಪಾಲಿನಲ್ಲಿ 18 ಡೆಸಿಬೆಲ್ ಕಡಿತ. ಒಟ್ಟು ಫೇಸ್ ನಾಯ್ಸ್ ಮೈನಸ್ 117ಕ್ಕೆ ಬಂದಿದೆ.

ಇದಕ್ಕೆ ಬೆಲೆಯೂ ಇದೆ. ಸ್ವಿಚ್ ಟ್ರಾನ್ಸಿಸ್ಟರ್ ಕಿರಿದಾದರೆ ಅದರ ರೆಸಿಸ್ಟೆನ್ಸ್ ಟ್ಯಾಂಕ್‌ನ (ಇಂಡಕ್ಟರ್-ಕೆಪಾಸಿಟರ್ ಜೋಡಿಯ) ಕ್ಯೂ ತಗ್ಗಿಸುತ್ತದೆ, ಅಗಲವಾದರೆ ಸ್ವಿಚ್ ಆಫ್ ಇದ್ದಾಗಲೂ ಉಳಿಯುವ ಕೆಪಾಸಿಟೆನ್ಸ್ ವ್ಯಾಪ್ತಿಯನ್ನೇ ಕುಗ್ಗಿಸುತ್ತದೆ. ಹದವಾದ ಅಗಲ ಸಿಗಲು ನನಗೆ ಮೂರು ದಿನ ಹಿಡಿಯಿತು. ಕ್ಯಾರಿಯರ್‌ಗೆ ಹತ್ತಿರದಲ್ಲಿ ಫ್ಲಿಕರ್ ನಾಯ್ಸ್ (ಟ್ರಾನ್ಸಿಸ್ಟರ್‌ಗಳ, ಕಡಿಮೆ ಆವರ್ತನದಲ್ಲಿ ಹೆಚ್ಚಾಗುವ ಗದ್ದಲ) ಇನ್ನೂ ಉಳಿದಿದೆ. ಟೈಲ್ ಕರೆಂಟಿನಲ್ಲಿ (ಆಸಿಲೇಟರ್‌ನ ಟ್ರಾನ್ಸಿಸ್ಟರ್ ಜೋಡಿಗೆ ಹರಿಯುವ ಬಯಾಸ್ ಕರೆಂಟು) ಆಸಿಲೇಟರ್‌ನ ಎರಡರಷ್ಟು ಆವರ್ತನಕ್ಕೆ ಟ್ಯೂನ್ ಮಾಡಿದ ಫಿಲ್ಟರ್ ಹಾಕಿ ನೋಡುತ್ತಿದ್ದೇನೆ.