ಸಮಿತಿಯ ‘ಪರಿಶೀಲನೆ’, ಹೈಕೋರ್ಟಿನ ‘ಪುನರ್‌ಪರಿಶೀಲನೆ’: ಪದ ಬದಲಿಸಬೇಕಲ್ವಾ?

ನಮಸ್ಕಾರ. ಜುಡಿಷಿಯಲ್ ರಿವ್ಯೂ, ಅಂದರೆ ಸರ್ಕಾರ ಅಥವಾ ಅಧಿಕಾರಿಗಳ ನಿರ್ಧಾರ ಕಾನೂನಿನ ಪ್ರಕಾರ ಆಗಿದೆಯೇ ಎಂದು ಕೋರ್ಟು ನೋಡುವುದು. ಇದಕ್ಕೆ ಕನ್ನಡದಲ್ಲಿ ‘ನ್ಯಾಯಾಂಗ ಪುನರ್‌ಪರಿಶೀಲನೆ’, ‘ನ್ಯಾಯಿಕ ಪುನರ್ವಿಮರ್ಶೆ’, ‘ನ್ಯಾಯಾಂಗ ಪರಾಮರ್ಶೆ’ ಎಂದೆಲ್ಲ ಬರೆಯುತ್ತೇವೆ. ಬೇರೆ ಕಡೆ ಯಾವುದನ್ನು ಹಾಕಿದರೂ ನಡೆದುಹೋಗುತ್ತದೆ. ಆದರೆ ಪರಿಶಿಷ್ಟ ಪಂಗಡದ ಮೀಸಲಾತಿಯಲ್ಲಿ ಸರ್ಕಾರಿ ನೌಕರಿಗೆ ಸೇರಿದವರ ಜಾತಿ ಪ್ರಮಾಣಪತ್ರದ ಕೇಸುಗಳಲ್ಲಿ ಮೊದಲನೆಯ ಪದ ಅರ್ಥವನ್ನೇ ಕೆಡಿಸುತ್ತದೆ. ಕೋರ್ಟು ಕಚೇರಿಯ ಕನ್ನಡ ಬಲ್ಲವರು ಇದಕ್ಕೆ ಏನು ಹೇಳುತ್ತೀರಿ?

ನನ್ನ ತಕರಾರು ಇದು. ಕರ್ನಾಟಕದಲ್ಲಿ ಜಾತಿ ಪ್ರಮಾಣಪತ್ರ ಕೊಡುವವರು ತಹಶೀಲ್ದಾರರು. ಅಷ್ಟರಿಂದಲೇ ನೌಕರಿ ಗಟ್ಟಿಯಾಗುವುದಿಲ್ಲ. ಆಯ್ಕೆಯಾದ ಮೇಲೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾತಿ ಪರಿಶೀಲನಾ ಸಮಿತಿ ಅದನ್ನು ನೋಡಿ ಸಿಂಧುತ್ವ ಪ್ರಮಾಣಪತ್ರ, ಅಂದರೆ ಆ ಜಾತಿ ಪ್ರಮಾಣಪತ್ರ ಸರಿಯಿದೆ ಎಂಬ ಪತ್ರ, ಕೊಡಬೇಕು. ನಮ್ಮಲ್ಲಿ ಇದಕ್ಕೆ 1990ರ ಮೀಸಲಾತಿ ಕಾಯಿದೆ, 1992ರ ನಿಯಮಗಳು ಇವೆ. ದೇಶದ ಮಟ್ಟದಲ್ಲಿ ಇಂಥ ಸಮಿತಿ ಹೇಗಿರಬೇಕು ಎಂದು ಸುಪ್ರೀಂ ಕೋರ್ಟು 1994ರ ಮಾಧುರಿ ಪಾಟೀಲ್ ಪ್ರಕರಣದಲ್ಲಿ ವಿವರವಾಗಿ ಹೇಳಿತು. ಮಹಾರಾಷ್ಟ್ರದ ಮಹಾದೇವ ಕೋಳಿ ಪಂಗಡದವರು ಎಂದು ಹೇಳಿಕೊಂಡವರ ಕೇಸು ಅದು.

ಸಮಿತಿ ಮಾಡುವ ಕೆಲಸಕ್ಕೆ ‘ಪರಿಶೀಲನೆ’ ಸರಿಯಾದ ಪದವೇ. ಅಪ್ಪ, ಅಜ್ಜನ ಶಾಲಾ ದಾಖಲಾತಿ ಪುಸ್ತಕ ತರಿಸುತ್ತಾರೆ. ಹಳೆಯ ಜಮೀನು ಕಾಗದ ನೋಡುತ್ತಾರೆ. ತನಿಖಾಧಿಕಾರಿ ಮೂಲ ಊರಿಗೆ ಹೋಗಿ ಹಿರಿಯರನ್ನು ಮಾತಾಡಿಸುತ್ತಾರೆ. ಸಂವಿಧಾನ ಜಾರಿಗೆ ಬರುವ ಮೊದಲಿನ ದಾಖಲೆ ಸಿಕ್ಕರೆ ಅದಕ್ಕೆ ತೂಕ ಜಾಸ್ತಿ. ಆಗ ಇಂಥ ಮೀಸಲಾತಿಯ ಆಸೆಗೆ ಜಾತಿ ಬದಲಿಸಿ ಬರೆಸುವ ಕಾರಣ ಯಾರಿಗೂ ಇರಲಿಲ್ಲ.

ಹೈಕೋರ್ಟು ಇದ್ಯಾವುದನ್ನೂ ಮಾಡುವುದಿಲ್ಲ. ಒಂದು ಉದಾಹರಣೆ ತಗೊಳ್ಳಿ. ಒಬ್ಬರು ಅಜ್ಜನ ಕಾಲದ ಶಾಲಾ ದಾಖಲೆ ಕೊಟ್ಟಿದ್ದಾರೆ. ಸಮಿತಿಯ ಆದೇಶದಲ್ಲಿ ಅದರ ಸುದ್ದಿಯೇ ಇಲ್ಲ. ‘ಹಾಜರುಪಡಿಸಿದ ದಾಖಲೆಗಳು ನಂಬಲರ್ಹವಲ್ಲ’ ಎಂದು ಒಂದೇ ಸಾಲು ಬರೆದು ಪ್ರಮಾಣಪತ್ರ ರದ್ದು ಮಾಡಿದ್ದಾರೆ. ಇವರು ಆ ಆದೇಶವನ್ನು ಪ್ರಶ್ನಿಸಿ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕುತ್ತಾರೆ. ಆಗ ಕೋರ್ಟು ‘ನೀನು ಯಾವ ಜಾತಿ’ ಎಂದು ಇವರನ್ನು ಕೇಳುವುದಿಲ್ಲ. ಸಮಿತಿಯನ್ನು ಕೇಳುತ್ತದೆ: ತನಿಖಾ ವರದಿಯ ಪ್ರತಿ ಇವರಿಗೆ ಕೊಟ್ಟಿರಾ? ಉತ್ತರ ಕೊಡಲು ಅವಕಾಶ ಇತ್ತಾ? ಈ ಹಳೆಯ ದಾಖಲೆಯನ್ನು ಯಾಕೆ ಬಿಟ್ಟಿರಿ? ಕಾರಣ ಎಲ್ಲಿ? ಉತ್ತರ ಸಿಗದಿದ್ದರೆ ಆದೇಶ ರದ್ದು ಮಾಡಿ, ಹೊಸದಾಗಿ ವಿಚಾರಣೆ ಮಾಡಿ ಎಂದು ಸಾಮಾನ್ಯವಾಗಿ ಸಮಿತಿಗೇ ವಾಪಸ್ ಕಳಿಸುತ್ತದೆ.

ಈಗ ಇದನ್ನು ಚಾಲ್ತಿಯ ಕನ್ನಡದಲ್ಲಿ ಬರೆದು ನೋಡಿ. ‘ಸಮಿತಿಯ ಪರಿಶೀಲನೆಯನ್ನು ಹೈಕೋರ್ಟು ಪುನರ್‌ಪರಿಶೀಲಿಸಿ ಮರುಪರಿಶೀಲನೆಗೆ ಆದೇಶಿಸಿತು.’ ಯಾರು ಏನು ಮಾಡಿದರು ಅಂತ ಗೊತ್ತಾಗುತ್ತಾ? ‘ಪುನರ್’ ಅಂದರೂ ‘ಮರು’ ಅಂದರೂ ಮತ್ತೊಮ್ಮೆ ಅಂತಲೇ ತಾನೇ. ಸಾಲದ್ದಕ್ಕೆ, ಕೊಟ್ಟ ತೀರ್ಪನ್ನು ಅದೇ ಕೋರ್ಟು ಇನ್ನೊಮ್ಮೆ ನೋಡಲಿ ಎಂದು ಹಾಕುವ ರಿವ್ಯೂ ಅರ್ಜಿಯನ್ನೂ ‘ಪುನರ್‌ಪರಿಶೀಲನಾ ಅರ್ಜಿ’ ಅಂತಲೇ ಕರೆಯುತ್ತೇವೆ. ಬೇರೆ ಬೇರೆ ಕೆಲಸಗಳೆಲ್ಲ ಒಂದೇ ಪದದೊಳಗೆ ಸೇರಿಕೊಂಡಿವೆ. ಇದರ ಪೆಟ್ಟು ಬೀಳುವುದು ಕಕ್ಷಿದಾರರಿಗೆ. ಕೋರ್ಟು ಎಲ್ಲವನ್ನೂ ಮೊದಲಿನಿಂದ ನೋಡುತ್ತದೆ ಎಂದು ನಂಬಿ ಸಮಿತಿಯ ಮುಂದೆ ಇಡಬೇಕಾದ ಕಾಗದಗಳನ್ನು ಇಡುವುದೇ ಇಲ್ಲ. ರಿಟ್ ಹಂತದಲ್ಲಿ ತಂದರೆ ತಡವಾಗಿರುತ್ತದೆ.

ಹಾಗಾಗಿ ನನ್ನ ಒಲವು ‘ನ್ಯಾಯಾಂಗ ಪರಾಮರ್ಶೆ’ ಕಡೆಗೆ. ಅದರಲ್ಲಿ ‘ಮತ್ತೊಮ್ಮೆ’ ಎಂಬ ಅರ್ಥ ಇಲ್ಲ. ‘ಪರಾಮರ್ಶನ ಗ್ರಂಥ’ ಎಂದಾಗ ಬೇರೆ ಅರ್ಥ ಬರುತ್ತದೆ ನಿಜ, ಆದರೂ ‘ನ್ಯಾಯಾಂಗ’ ಮುಂದೆ ಇದ್ದರೆ ಗೊಂದಲ ಆಗಲಾರದು. ‘ಮೇಲ್ಮನವಿ’ಯನ್ನಂತೂ ಇಲ್ಲಿ ಬಳಸಲೇಬಾರದು. ರಿಟ್ ಅರ್ಜಿ ಮೇಲ್ಮನವಿ ಅಲ್ಲ.

ಪರಾಮರ್ಶೆಗೆ ಇನ್ನೊಂದು ಗಡಿಯೂ ಇದೆ. ಪಂಗಡಗಳ ಪಟ್ಟಿ ರಾಷ್ಟ್ರಪತಿಗಳ ಆದೇಶ. 342ನೇ ವಿಧಿಯಂತೆ ಅದಕ್ಕೆ ಹೆಸರು ಸೇರಿಸುವುದು, ತೆಗೆಯುವುದು ಸಂಸತ್ತಿಗೆ ಮಾತ್ರ ಸಾಧ್ಯ. ಪಟ್ಟಿ ಹೇಗಿದೆಯೋ ಹಾಗೇ ಓದಬೇಕು, ‘ಹಲ್ಬಾ’ ಎಂದಿರುವಲ್ಲಿ ‘ಹಲ್ಬಾ ಕೋಷ್ಟಿ’ಯೂ ಸೇರುತ್ತದೆ ಎಂದು ಕೋರ್ಟು ಹೇಳಲಾಗದು ಎಂದು ಸುಪ್ರೀಂ ಕೋರ್ಟು 2000ದ ಮಿಲಿಂದ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ನಮ್ಮಲ್ಲಿ ನಾಯಕ ಪಂಗಡದ ‘ಪರ್ಯಾಯ ಪದ’ಗಳಾಗಿ 1991ರಲ್ಲಿ ಬೇಡ, ವಾಲ್ಮೀಕಿ ಮುಂತಾದವು ಸೇರಿದವು. ಪರಿವಾರ, ತಳವಾರ ಸೇರಿದ್ದು 2020ರಲ್ಲಿ. ಕಾಡು ಕುರುಬದ ಜೊತೆ ಬೆಟ್ಟ ಕುರುಬ ಸೇರಿಸಲು ಸಂಸತ್ತು 2022ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಒಂದು ಹೆಸರಿಗಾಗಿ ಸಂಸತ್ತಿನವರೆಗೆ ಹೋಗಬೇಕು. ನಿಘಂಟಿನಲ್ಲಿ ಎರಡು ಪದಕ್ಕೂ ಒಂದೇ ಅರ್ಥ ಇದ್ದರೆ ಸಾಲದು. ಇದಕ್ಕೆ ಅಪವಾದದಂಥ ಒಂದು ಹಳೆಯ ಕೇಸು ನಮ್ಮ ರಾಜ್ಯದ್ದೇ. 1964ರ ಬಸವಲಿಂಗಪ್ಪ ಪ್ರಕರಣ, ಪರಿಶಿಷ್ಟ ಜಾತಿ ಪಟ್ಟಿಯ ‘ಭೋವಿ’ ಕುರಿತದ್ದು. ಹಳೆ ಮೈಸೂರಿನಲ್ಲಿ ಭೋವಿ ಎಂಬ ಹೆಸರಿನ ಜಾತಿಯೇ ಬೇರೆ ಇರಲಿಲ್ಲ. ಹಾಗಾದರೆ ಪಟ್ಟಿಯಲ್ಲಿರುವುದು ಯಾರು ಎಂದು ಸಾಕ್ಷ್ಯ ನೋಡಲೇಬೇಕಾಯಿತು. ವಡ್ಡರೇ ಅವರು ಎಂದು ತೀರ್ಮಾನವಾಯಿತು.

ಇದಕ್ಕೆ ಅಂಟಿಕೊಂಡೇ ಬರುವ ಇನ್ನೊಂದು ಪದ ‘ನಕಲಿ’. ಸಮಿತಿ ಪ್ರಮಾಣಪತ್ರ ಒಪ್ಪದಿದ್ದರೆ ಸಾಕು, ‘ನಕಲಿ ಜಾತಿ ಪ್ರಮಾಣಪತ್ರ’ ಎಂದು ಬರೆದುಬಿಡುತ್ತೇವೆ. ನನಗೆ ನಿಜಕ್ಕೂ ನೋವಾಗುವುದು ಇಲ್ಲಿ. ತಹಶೀಲ್ದಾರರ ಸೀಲು, ಸಹಿಯನ್ನೇ ಯಾರೋ ಸೃಷ್ಟಿಸಿದ್ದರೆ ಅದು ನಕಲಿ. ಸಹಿ ಅಸಲಿ, ಬರೆಸಿದ ಜಾತಿ ಸುಳ್ಳು ಅಂತ ಗೊತ್ತಿದ್ದೇ ತಗೊಂಡಿದ್ದರೆ ಅದು ಸುಳ್ಳು ಪ್ರಮಾಣಪತ್ರ. ಮೂರನೆಯದೂ ಒಂದಿದೆ. ನಮ್ಮ ಪಟ್ಟಿಯಲ್ಲಿ ‘ಕುರುಬ’ ಇರುವುದು ಕೊಡಗು ಜಿಲ್ಲೆಗೆ ಮಾತ್ರ. ‘ಮರಾಠಿ’ ಇರುವುದು ದಕ್ಷಿಣ ಕನ್ನಡಕ್ಕೆ, ‘ಮರಾಠ’ ಕೊಡಗಿಗೆ. ಬೇರೆ ಜಿಲ್ಲೆಯ ಕುರುಬರೊಬ್ಬರಿಗೆ ಕಚೇರಿಯಲ್ಲೇ ತಪ್ಪಾಗಿ ಪ್ರಮಾಣಪತ್ರ ಕೊಟ್ಟಿದ್ದರೆ ಅವರ ಜಾತಿ ಸುಳ್ಳಲ್ಲ, ಕಾಗದವೂ ನಕಲಿಯಲ್ಲ. ಆ ಪ್ರಮಾಣಪತ್ರ ಅಸಿಂಧು, ಅಷ್ಟೇ.

ಈ ವ್ಯತ್ಯಾಸ ಸುಮ್ನೆ ಪದಗಳ ಹಟ ಅಲ್ಲ. ಪಂಗಡದ ಹಕ್ಕು ಸಾಬೀತಾಗದಿದ್ದರೆ ಮೋಸದ ಉದ್ದೇಶ ಇರಲಿ ಬಿಡಲಿ ಆ ಮೀಸಲಾತಿಯ ನೌಕರಿ ಉಳಿಯುವುದಿಲ್ಲ ಎಂದು 2017ರಲ್ಲಿ ಭಾರತೀಯ ಆಹಾರ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅಂದರೆ ನೌಕರಿ ಹೋದ ಮಾತ್ರಕ್ಕೆ ಮೋಸ ಸಾಬೀತಾದಂತೆ ಅಲ್ಲ. ಕ್ರಿಮಿನಲ್ ಕೇಸು ಬೇರೆ, ಅದರಲ್ಲಿ ಉದ್ದೇಶ ತೋರಿಸಬೇಕು. ‘ನಕಲಿ’ ಎಂದು ತಲೆಬರಹ ಹಾಕಿದರೆ ಆ ತೀರ್ಪನ್ನು ನಾವೇ ಮೊದಲು ಕೊಟ್ಟಂತೆ. ಹಾಗಂತ ನಿಜವಾಗಿ ಮೋಸ ಮಾಡಿದವರಿಗೆ ‘ಅಸಿಂಧು’ ಎಂಬ ಮೆತ್ತಗಿನ ಪದವೂ ಬೇಡ. ಅವರು ಕಿತ್ತುಕೊಂಡದ್ದು ಒಬ್ಬ ಸೋಲಿಗರ ಅಥವಾ ಜೇನು ಕುರುಬರ ಹುಡುಗಿಗೆ ಸಿಗಬೇಕಿದ್ದ ಹುದ್ದೆ ಆಗಿರಬಹುದು.

ಕೊನೆಯದಾಗಿ ಒಂದು ಸಹಾಯ ಬೇಕು. ದೇವರು, ಮದುವೆ, ಸಾವಿನ ಆಚರಣೆ ಎಲ್ಲ ಕೇಳಿ ಪಂಗಡದ ಜೊತೆ ಸಂಬಂಧ ಇದೆಯಾ ನೋಡುವ ಅಫಿನಿಟಿ ಟೆಸ್ಟ್‌ಗೆ ಏನು ಬರೆಯುತ್ತೀರಿ? ಅದೊಂದೇ ಅಂತಿಮ ಒರೆಗಲ್ಲು ಅಲ್ಲ ಎಂದು 2023ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಊರು ಬಿಟ್ಟು ಪೇಟೆಯಲ್ಲಿ ಬೆಳೆದವರಿಗೆ ಆ ಆಚರಣೆಗಳು ಗೊತ್ತಿರದೇ ಇರಬಹುದು. ‘ಸಾಮ್ಯತಾ ಪರೀಕ್ಷೆ’ ಎಂದರೆ ನೋಟದಲ್ಲಿ ಹೋಲಿಕೆ ಹುಡುಕಿದಂತೆ ಕೇಳಿಸುತ್ತದೆ. ನಾನು ಸದ್ಯಕ್ಕೆ ‘ಪಂಗಡದ ನಂಟಿನ ಪರೀಕ್ಷೆ’ ಎಂದು ಬರೆಯುತ್ತಿದ್ದೇನೆ. ಕಚೇರಿ ಕಡತಗಳಲ್ಲಿ ಇದಕ್ಕಿಂತ ಒಳ್ಳೆಯ ಪದ ನೋಡಿದ್ದರೆ ದಯವಿಟ್ಟು ತಿಳಿಸಿ.